ಎಂಟರೊಳಗಿನ ನಾಲ್ಕು

ಕೋಡಿಬಾಗದ ನನ್ನ ಅಂಗಡಿಗೆ ಬರುವ ಆಂಪ್ಲಿಫೈಯರುಗಳು
ಮೊದಲು ಉಪ್ಪಿಗೆ ಸಿಕ್ಕಿರುತ್ತವೆ, ಆಮೇಲೆ ಹಲ್ಲಿಗೆ,
ಕೊನೆಗೆ ಮನುಷ್ಯನಿಗೆ.
ಗುಂಡಿ ತಿರುಗಿಸಿದಾಗ ಕರಕರ ಅನ್ನುವುದು
ಕಡಲು ಒಳಗೆ ಬಂದು ಕೂತ ಸದ್ದು.
ಸ್ಪಿರಿಟ್ಟು, ಹತ್ತಿ, ಒಂದು ಹಳೇ ಟೂತ್‌ಬ್ರಶ್ಶು:
ಇಷ್ಟರಲ್ಲೇ ನನ್ನ ಅರ್ಧ ಸಂಸಾರ ನಡೆದಿದೆ.

ಉಲ್ಲಾಸ ತಾಂಡೇಲರ ಪೆಟ್ಟಿಗೆ ಮಾತ್ರ ಹೊಸ್ತಿಲು ದಾಟುವುದಿಲ್ಲ,
ನಾನೇ ಹೋಗಬೇಕು.
ಇಪ್ಪತ್ತಾರು ವರ್ಷ ಬೈತಖೋಲದ ಟ್ರಾಲರುಗಳಲ್ಲಿ
ಎಂಜಿನ್ನಿಗೆ ಅಂಟಿ ನಿಂತವರು.
ಡೀಸೆಲ್ಲು ಅವರ ಕಿವಿಯಿಂದ ಒಂದೊಂದಾಗಿ
ಗುಬ್ಬಿಯನ್ನು ಒಯ್ದಿತು, ಕುಕ್ಕರಿನ ಸೀಟಿಯನ್ನು,
ಮೊಮ್ಮಗಳ ಮಾತಿನ ಸಕಾರಗಳನ್ನು.
ಉಳಿಸಿದ್ದು ತಬಲಾದ ಡಗ್ಗಾ,
ಹಾರ್ಮೋನಿಯಮ್ಮಿನ ಎಡಗಡೆಯ ಮನೆಗಳು.
ಅದಕ್ಕೇ ಅವರಿಗೆ ಎಂಟು ಬೇಕು.

ಎಂಟಕ್ಕೆ ಹೋದರೆ ಮಾಡದ ಸ್ಟೀಲ್ ಡಬ್ಬಿಗಳು
ಒಂದರ ಮೇಲೊಂದು ಚಾಡಿ ಹೇಳುತ್ತವೆ.
ಆಚೆ ಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿದ
ನರ್ಸ್ ಎಸ್ಪೆರಾನ್ಸಾ ಕಿಟಕಿ ಬಡಿಯುತ್ತಾಳೆ.
ಶೇವಂತಿಬಾಯಿಗೆ ಮೂರು ಸಾಕು. ಮೂರೂ ಹೆಚ್ಚು.
ಮಾರ್ಕೆಟ್ಟಿನಲ್ಲಿ ಬಾಂಗಡೆಗೆ ಕೂಗಿ ಕೂಗಿ ಬಂದ ಹೆಂಗಸು;
ಅವರು ಕೂಗಿದರೆ ಸುಭಾಸ ಸರ್ಕಲ್ಲಿನಲ್ಲಿ
ಬಸ್ಸು ತನ್ನನ್ನೇ ಕರೆದರೆಂದು ನಿಲ್ಲುತ್ತದಂತೆ.
ಮನೆಗೆ ಬಂದ ಮೇಲೆ ಅವರಿಗೆ
ಒಂದು ಬುಟ್ಟಿ ಮೌನ ಬೇಕು, ಐಸು ಹಾಕದ್ದು.

ಜಗಳ ಕೊಂಕಣಿಯಲ್ಲಿ ನಡೆಯುತ್ತದೆ.
ನನ್ನನ್ನು ಪಂಚನನ್ನಾಗಿಸುವಾಗ ಮಾತ್ರ ಕನ್ನಡ:
"ಹೋಯ್ ರೇಡಿಯೋ, ನೀನೇ ಹೇಳು, ಎಷ್ಟಕ್ಕೆ ಇಡಬೇಕು?"
ನನ್ನ ಹತ್ತಿರ ಒಂದು ಸಿದ್ಧ ಉತ್ತರವಿದೆ:
ಹಾಡು ನಡೀತಿದೆ ಅಂತ ಪಕ್ಕದವರಿಗೆ ತಿಳಿಯಬಹುದು,
ಯಾವ ಹಾಡು ಅಂತ ತಿಳಿಯಬಾರದು.
ತಾಂಡೇಲರು ಕಿವಿಗೆ ಕೈ ಹಚ್ಚಿ, "ಏನಂದೆ?" ಅಂದರು.

ಬಾಗಿಲ ತನಕ ಬಂದ ಶೇವಂತಿಬಾಯಿ
ಸೆರಗಿನ ಗಂಟಿನಿಂದ ಐವತ್ತರ ನೋಟು ಬಿಡಿಸಿದರು.
ಮೀನಿನ ವಾಸನೆಯ ನೋಟು.
"ಗುಂಡಿ ಎಂಟು ಅನ್ನಲಿ, ಒಳಗೆ ನಾಲ್ಕಿರಲಿ.
ಆಗುತ್ತದೋ ಇಲ್ಲವೋ?"

ಆಗುತ್ತದೆ.
ಎಡಕ್ಕೊಂದು ಬಲಕ್ಕೊಂದು ರೆಸಿಸ್ಟರು,
ಕುಚಲಕ್ಕಿ ಕಾಳಿನಷ್ಟು,
ಮೈಮೇಲೆ ಕಂದು, ಕಪ್ಪು, ಕಿತ್ತಳೆ ಪಟ್ಟೆ.
ಧೂಳು ಒರೆಸುವ ನೆಪದಲ್ಲಿ ಬೆಸುಗೆ ಹಾಕಿದೆ.
ಮುಚ್ಚಳ ಮುಚ್ಚುವಾಗ ಬೆವರಿದ್ದು ನಾನು.
ತಾಂಡೇಲರು ಎಂಟಕ್ಕೆ ತಿರುಗಿಸಿದರು. ಡಬ್ಬಿಗಳು ಬಾಯಿ ಬಿಡಲಿಲ್ಲ.
ಅವರು ಸ್ಪೀಕರಿನ ಬಟ್ಟೆಯ ಮೇಲೆ ಅಂಗೈ ಇಟ್ಟರು,
ಮಗುವಿನ ಜ್ವರ ನೋಡುವವರಂತೆ, ತುಂಬ ಹೊತ್ತು.
"ಈಗ ಸರಿಯಾಯ್ತು," ಅಂದರು.

ಟ್ರಾಲರು ಕಟ್ಟಿಹಾಕುವ ಜೂನಿನಲ್ಲಿ ಮತ್ತೆ ಕರೆ ಬಂತು,
ತಂತಿ ಇಲಿ ಕಡಿದಿದೆ ಅಂತ.
ತಾಂಡೇಲರು ಹತ್ತಿರ ಸರಿದು ಪಿಸುಗುಟ್ಟಿದರು
(ಕಿವಿ ಮಂದವಾದವರ ಪಿಸುಮಾತು ಓಣಿಯ ಕೊನೆಗೂ ಕೇಳುತ್ತದೆ):
"ಎಂಜಿನ್ನಿನವನಿಗೆ ಅಂಗೈ ಸುಳ್ಳು ಹೇಳುತ್ತದಾ, ರೇಡಿಯೋ?
ಅವತ್ತೇ ಗೊತ್ತಾಯ್ತು, ಅರ್ಧ ಲೋಡಿನಲ್ಲಿ ಓಡ್ತಿದೆ.
ತೆಗೀಬೇಡ, ಇರಲಿ.
ಮೊದಲು ಹಾಡು ಹಚ್ಚಿದ ಕೂಡಲೇ ಹಿತ್ತಿಲಿಗೆ ಹೋಗುತ್ತಿದ್ದಳು,
ಈಗ ಇಲ್ಲೇ ಕೂತು ಬೆಳ್ಳುಳ್ಳಿ ಸುಲೀತಾಳೆ.
ಪಿಟೀಲು ಬಂತು, ಮೇಲೆ ಹೋಯ್ತು,
ಅಗೋ ಬಿದ್ದಿತು ಅಂತ ನನಗೆ ಹೇಳ್ತಾಳೆ.
ಅದೆಲ್ಲ ನನಗೆಲ್ಲಿ ಸಿಗಬೇಕು?"

ಒಳಗೆ ಬೆಳ್ಳುಳ್ಳಿ ಜಜ್ಜುವ ಸದ್ದು ನಿಂತಿತು.
ಆಮೇಲೆ ಮತ್ತೆ ಶುರುವಾಯಿತು.

ತಂತಿ ಬದಲಿಸಿದೆ. ಹಾಡು ನಾಲ್ಕರಲ್ಲಿ ಹರಿಯಿತು,
ಅದರ ಮೇಲೆ ಶೇವಂತಿಬಾಯಿ, ಪೂರಾ ಹತ್ತರಲ್ಲಿ:
"ಕೊಳಲು! ಕೊಳಲು ಬಂತು ನೋಡಿ!"
ತಾಂಡೇಲರು ತಲೆದೂಗಿದರು.

ಗೇಟಿನ ಹತ್ತಿರ ಎಸ್ಪೆರಾನ್ಸಾ, ಯೂನಿಫಾರ್ಮಿನಲ್ಲೇ,
ಕಣ್ಣು ಕೆಂಪಾಗಿ, ನನ್ನ ಚೀಲವನ್ನೊಮ್ಮೆ ನೋಡಿ
"ಆ ಕಾಳು ಇನ್ನೊಂದಿದೆಯಾ?" ಅಂದಳು.
ಅಂದವಳು ತಾನೇ ನಕ್ಕು, ಆಕಳಿಸಿ, ಮಲಗಲು ಹೋದಳು.

ಐವತ್ತು ರೂಪಾಯಿ ಇನ್ನೂ ನನ್ನ ಕಿಸೆಯಲ್ಲೇ ಇತ್ತು.
ವಾಪಸು ಕೊಡಬೇಕೋ ಬೇಡವೋ ತಿಳಿಯಲಿಲ್ಲ.
ಸ್ಕೂಟರಿಗೆ ಕಿಕ್ಕು ಹೊಡೆಯಲು ಎತ್ತಿದ ಕಾಲು ಇಳಿಸಿ
ಓಣಿ ಮುಗಿಯುವ ತನಕ ತಳ್ಳಿಕೊಂಡೇ ಹೋದೆ.